ತುಂಡು ತೆಗೆದ ಸಾರು

ನಮ್ಮ ಕಡೆ ‘ತಿನ್ನು’ ಎಂಬ ಕ್ರಿಯಾಪದಕ್ಕೆ ಕರ್ಮಪದ ಬೇಕಿಲ್ಲ. ‘ಅವರು ತಿಂತಾರಾ?’ ಎಂದರೆ ‘ಏನನ್ನು?’ ಎಂದು ಯಾರೂ ತಿರುಗಿ ಕೇಳುವುದಿಲ್ಲ. ಬೆಳಿಗ್ಗೆ ಹನ್ನೆರಡು ಇಡ್ಲಿ, ಮಧ್ಯಾಹ್ನ ಎರಡು ಮುದ್ದೆ, ಸಂಜೆಗೆ ಒಂದು ಚಿಪ್ಪು ಬಾಳೆಹಣ್ಣು ಮುಗಿಸುವ ಗಟ್ಟಿಗನೂ ‘ಅಯ್ಯೋ, ಅವರು ತಿನ್ನಲ್ಲ ಕಣ್ರೀ’ ಎನ್ನಿಸಿಕೊಳ್ಳಬಹುದು. ಶಾಲೆಯಲ್ಲಿ ಮೇಷ್ಟ್ರು ಸಕರ್ಮಕ ಧಾತು ಎಂದು ಕಿವಿ ಹಿಂಡಿ ಹೇಳಿಕೊಟ್ಟದ್ದು ಬಾಡಿನ ವಿಷಯ ಬಂದಾಗ ಮಾತ್ರ ಸದ್ದಿಲ್ಲದೆ ಅಕರ್ಮಕವಾಗುತ್ತದೆ. ‘ಬಿಟ್ಟಿದ್ದೀನಿ’ ಎನ್ನುವುದೂ ಹಾಗೇ. ಬಿಟ್ಟದ್ದು ಬೀಡಿಯೋ, ಹೆಂಡವೋ, ಬಾಡೋ ಎಂಬುದನ್ನು ಹೇಳುವವನ ಮುಖದ ಮೇಲಿನ ದುಃಖದ ಪ್ರಮಾಣ ನೋಡಿ ತಿಳಿದುಕೊಳ್ಳಬೇಕು.

ಈ ವ್ಯಾಕರಣ ನನಗೆ ಸರಿಯಾಗಿ ಅರ್ಥವಾದದ್ದು ಮೂವತ್ತು ವರ್ಷದ ಹಿಂದೆ, ಬೆಂಗಳೂರಿನಲ್ಲಿ ಮನೆ ಹುಡುಕುವಾಗ. ಗೇಟಿಗೆ ‘ಮನೆ ಬಾಡಿಗೆಗೆ ಇದೆ’ ಎಂಬ ಬೋರ್ಡು. ಒಳಗೆ ಹೋದರೆ ಮೊದಲ ಪ್ರಶ್ನೆಯೇ ‘ನೀವು ತಿಂತೀರಾ?’ ಮನೆ ಬಾಡಿಗೆಗೆ ಇತ್ತು, ಬಾಡಿಗೆ ಇರಲಿಲ್ಲ. ಏಳನೇ ಮನೆಯ ಹೊತ್ತಿಗೆ ನಾನೂ ಪಳಗಿದ್ದೆ. ‘ಅಪರೂಪಕ್ಕೆ ಹೊರಗಡೆ’ ಎಂದೆ. ‘ಮನೇಲಿ ಮಾಡಲ್ಲ ತಾನೆ?’ ಎಂದರು. ‘ಛೆ ಛೆ’ ಎಂದೆ. ಎರಡೂ ಸುಳ್ಳು. ಒಂದು ತಿಂಗಳು ತಡೆದುಕೊಂಡೆವು. ಐದನೇ ಭಾನುವಾರ ಕುಕ್ಕರು ಏಳು ಸಲ ಕೂಗಿತು. ಬೇಳೆಗೆ ಏಳು ಕೂಗು ಯಾರೂ ಕೂಗಿಸುವುದಿಲ್ಲ ಎಂಬುದು ಮಾಲೀಕರ ಹೆಂಡತಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಸುಮ್ಮನಿದ್ದರೋ. ನನ್ನ ಹೆಂಡತಿ ಕಿಟಕಿಯ ಸರಳುಗಳಿಗೆ ಸಾಲಾಗಿ ಊದುಬತ್ತಿ ಸಿಕ್ಕಿಸಿದ್ದಳು. ಮಾಲೀಕರ ಹೆಂಡತಿ ಮೇಲಿನಿಂದಲೇ ಕೇಳಿದರು: ‘ಏನಮ್ಮ, ಇವತ್ತು ವಿಶೇಷ ಪೂಜೆನಾ?’ ಮೂಳೆಗಳನ್ನು ಎರಡು ದಿನದ ಪೇಪರಿನಲ್ಲಿ ಸುತ್ತಿ, ಸ್ಕೂಟರಿನ ಡಿಕ್ಕಿಯಲ್ಲಿಟ್ಟು, ಮೂರು ಬಡಾವಣೆ ದಾಟಿ ಹೋಗಿ ತೊಟ್ಟಿಗೆ ಎಸೆದು ಬರುತ್ತಿದ್ದೆ. ಕೊಲೆ ಮಾಡಿದವನೂ ಅಷ್ಟು ದೂರ ಹೋಗುತ್ತಿರಲಿಲ್ಲ.

ಈಗ ಸ್ವಂತ ಮನೆಯಿದೆ. ಕುಕ್ಕರು ಎಷ್ಟು ಸಲ ಕೂಗಿದರೂ ಕೇಳುವವರಿಲ್ಲ. ಈಗ ನಾನು ಬಿಟ್ಟಿದ್ದೇನೆ.

ಹೇಗೆ ಬಿಟ್ಟೆ ಎನ್ನುವುದನ್ನು ಹೇಳುವುದು ಸುಲಭ. ಯಾಕೆ ಎನ್ನುವುದು ಕಷ್ಟ. ಮಂಡ್ಯದ ಕಡೆಯ ನಮ್ಮಂಥ ಮನೆಗಳನ್ನು ಮಾಂಸಾಹಾರಿಗಳು ಎಂದು ಕರೆಯುವುದೇ ಒಂದು ಅತಿಶಯೋಕ್ತಿ. ಸೋಮವಾರ ಮನೆದೇವರ ವಾರ, ಮುಟ್ಟುವಂತಿಲ್ಲ. ಶನಿವಾರ ತಿಮ್ಮಪ್ಪನದು. ಗುರುವಾರ ರಾಯರದು, ಅದು ಹೆಂಡತಿ ತವರಿನಿಂದ ತಂದ ಬಳುವಳಿ. ಮಂಗಳವಾರ, ಶುಕ್ರವಾರವೂ ಇಲ್ಲ. ಇವುಗಳ ಜೊತೆಗೆ ಹಬ್ಬಗಳು, ಹುಣ್ಣಿಮೆ, ಕಾರ್ತಿಕ, ಯಾರದೋ ತಿಥಿ, ಯಾರದೋ ಹರಕೆ. ಎಲ್ಲ ಕಳೆದು ಉಳಿದದ್ದು ಭಾನುವಾರ ಮತ್ತು ಬುಧವಾರ. ಬುಧವಾರ ಕೈಯಲ್ಲಿ ಕಾಸಿರುವುದಿಲ್ಲ. 2014ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಒಂದು ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ತಿನ್ನುವವರು ನೂರಕ್ಕೆ 80ರ ಹತ್ತಿರ. ಆ 80ರಲ್ಲಿ ನಮ್ಮವ್ವನನ್ನೂ ಸೇರಿಸಿದ್ದರೆ, ವರ್ಷಕ್ಕೆ ಮುನ್ನೂರು ದಿನ ಬಸ್ಸಾರು, ಉಪ್ಸಾರು, ಮಸ್ಸೊಪ್ಪಿನಲ್ಲೇ ಬದುಕುವವಳನ್ನು ಸೇರಿಸಿದಂತಾಯಿತು. ನಮ್ಮದು ವಾರದ ಆರು ದಿನ ಸಸ್ಯಾಹಾರ, ಏಳನೆಯ ದಿನ ಅದಕ್ಕೆ ಸೇಡು.

ಹೀಗಾಗಿ ಬಿಡುವುದು ದೊಡ್ಡ ಜಿಗಿತವೇನೂ ಆಗಿರಲಿಲ್ಲ. ನಾಲ್ಕು ವರ್ಷದ ಹಿಂದಿನ ಶ್ರಾವಣದಲ್ಲಿ ಎಲ್ಲರಂತೆ ನಿಲ್ಲಿಸಿದೆ. ಶ್ರಾವಣ ಮುಗಿಯಿತು, ಗೌರಿ ಗಣೇಶ ಬಂದು ಹೋದರು, ನಾನು ಮತ್ತೆ ಶುರು ಮಾಡಲಿಲ್ಲ. ಪಂಚಾಂಗದಲ್ಲಿ ಶ್ರಾವಣ ಮುಗಿದ ಸುದ್ದಿ ನನ್ನ ನಾಲಿಗೆಗೆ ತಲುಪಲೇ ಇಲ್ಲ ಎನ್ನಬೇಕು. ಮೊದಲ ಭಾನುವಾರ ಹೊಟ್ಟೆ ಸರಿಯಿಲ್ಲ ಎಂದೆ. ಎರಡನೆಯ ಭಾನುವಾರ ಹಲ್ಲುನೋವು. ಮೂರನೆಯದಕ್ಕೆ ಹೆಂಡತಿ ಸೌಟು ಹಿಡಿದು ಎದುರು ನಿಂತಳು: ‘ಅದೇನು ಅಂತ ಬಾಯಿ ಬಿಟ್ಟು ಹೇಳಿ.’

ಹೇಳುವುದೇನು? ಅಂಥ ದಿವ್ಯಜ್ಞಾನವೇನೂ ಆಗಿರಲಿಲ್ಲ. ಒಂದು ಸಣ್ಣ ಸಂಗತಿ ನಡೆದಿತ್ತು. ಆಷಾಢದ ಒಂದು ಭಾನುವಾರ ಬೆಳಿಗ್ಗೆ ಆರೂವರೆಗೆ ಮಟನ್ ಅಂಗಡಿಯ ಮುಂದೆ ನಿಂತಿದ್ದೆ. ಕೈಯಲ್ಲಿ ಹೆಂಡತಿ ಬರೆದುಕೊಟ್ಟ ಚೀಟಿ: ‘ಒಂದು ಕೆಜಿ, ತೊಡೆ ಕಡೆದು. ನಲ್ಲಿ ಮೂಳೆ ಇರಲಿ. ಈರಲ್ಲಿ ಕಾಲು ಕೆಜಿ. ಕೊತ್ತಂಬರಿ, ಪುದೀನ.’ ಪಕ್ಕದ ಕಂಬಕ್ಕೆ ಒಂದು ಕಂದು ಆಡಿನ ಮರಿ ಕಟ್ಟಿದ್ದರು. ಅಂಗಡಿಯ ಹುಡುಗ ಹಾಕಿದ್ದ ಹಲಸಿನ ಎಲೆ ಮುಗಿದಿತ್ತು. ನಾನು ಮುಂದಿನವರ ಬೆನ್ನು ನೋಡುತ್ತ ನಿಂತಿದ್ದಾಗ ಬೆರಳಿಗೆ ಒದ್ದೆಯಾಗಿ ಏನೋ ತಾಕಿತು. ನೋಡಿದರೆ ಮರಿ ಚೀಟಿಯನ್ನು ಎಳೆದುಕೊಂಡು ನಿಧಾನವಾಗಿ ಜಗಿಯುತ್ತಿದೆ. ‘ನಲ್ಲಿ ಮೂಳೆ’ಯವರೆಗೆ ಒಳಗೆ ಹೋಗಿತ್ತು, ‘ಕೊತ್ತಂಬರಿ, ಪುದೀನ’ ಇನ್ನೂ ತುಟಿಯ ಹೊರಗೆ ಅಲ್ಲಾಡುತ್ತಿತ್ತು. ಕಣ್ಣು ನನ್ನ ಮೇಲೇ ಇತ್ತು, ಇನ್ನೊಂದು ಚೀಟಿ ಇದೆಯೇ ಎಂದು ಕೇಳುವಂತೆ.

ಇದೇ ಕಾರಣ ಎಂದುಬಿಟ್ಟರೆ ಕಥೆ ಚೆನ್ನಾಗಿರುತ್ತದೆ, ಆದರೆ ಸುಳ್ಳಾಗುತ್ತದೆ. ಆವತ್ತು ನಾನು ಬಾಯಿಪಾಠವಾಗಿದ್ದ ಚೀಟಿಯನ್ನು ಒಪ್ಪಿಸಿ, ಒಂದು ಕೆಜಿ ತಂದು, ಉಂಡು, ಎರಡನೆಯ ಸಲ ಬಡಿಸಿಕೊಂಡೆ. ನಲ್ಲಿ ಮೂಳೆಯನ್ನು ತಟ್ಟೆಗೆ ಕುಟ್ಟಿ ಕುಟ್ಟಿ ಒಳಗಿನದನ್ನು ಹೀರಿದೆ. ಗಾಂಧೀಜಿ ರಾಜಕೋಟೆಯಲ್ಲಿ ಹುಡುಗನಾಗಿದ್ದಾಗ ಸ್ನೇಹಿತನ ಮಾತು ಕೇಳಿ, ಇಂಗ್ಲಿಷರಂತೆ ಬಲಿಷ್ಠನಾಗಬೇಕೆಂದು ಹೊಳೆದಂಡೆಯಲ್ಲಿ ಕದ್ದು ಆಡಿನ ಮಾಂಸ ತಿಂದರಂತೆ. ರಾತ್ರಿಯೆಲ್ಲ ಹೊಟ್ಟೆಯೊಳಗೆ ಜೀವಂತ ಆಡು ಅರಚಿದ ಹಾಗಾಗಿ ನಿದ್ದೆ ಬರಲಿಲ್ಲವೆಂದು ಆತ್ಮಕಥೆಯಲ್ಲಿ ಬರೆದಿದ್ದಾರೆ. ನನ್ನ ಹೊಟ್ಟೆಯಲ್ಲಿ ಯಾವುದೂ ಅರಚಲಿಲ್ಲ. ಚೆನ್ನಾಗಿ ನಿದ್ದೆ ಬಂತು. ಆದರೂ ಗಾಂಧೀಜಿಯ ಕಥೆಯಲ್ಲಿ ನನಗೆ ಹೆಚ್ಚು ಹಿಡಿಸುವುದು ಅದರ ಮುಂದಿನ ಭಾಗ. ಲಂಡನ್ನಿಗೆ ಹೋದಮೇಲೆ ತಾಯಿಗೆ ಕೊಟ್ಟ ಮಾತಿಗಾಗಿ ಅರೆಹೊಟ್ಟೆಯಲ್ಲಿ ಅಲೆದು, ಕೊನೆಗೆ ಫ್ಯಾರಿಂಗ್‌ಡನ್ ಬೀದಿಯಲ್ಲಿ ಒಂದು ಸಸ್ಯಾಹಾರದ ಹೋಟೆಲು ಕಣ್ಣಿಗೆ ಬಿತ್ತು. ಬಾಗಿಲ ಬಳಿ ಮಾರಾಟಕ್ಕಿಟ್ಟಿದ್ದ ಹೆನ್ರಿ ಸಾಲ್ಟ್ ಎಂಬುವನ ಪುಸ್ತಕವನ್ನು ಒಂದು ಶಿಲಿಂಗ್ ಕೊಟ್ಟು ಕೊಂಡು, ಆಮೇಲೆ ಹೊಟ್ಟೆ ತುಂಬ ಉಂಡರು. ಓದಿದ ಮೇಲೆ ಮನಸಾರೆ ಸಸ್ಯಾಹಾರಿಯಾದೆ ಎನ್ನುತ್ತಾರೆ. ಮೊದಲು ಬಿಟ್ಟು, ಕಾರಣ ಆಮೇಲೆ ಕೊಂಡುಕೊಂಡ ಇನ್ನೊಬ್ಬರು ಇದ್ದಾರೆ ಎಂಬುದೇ ನನಗೆ ದೊಡ್ಡ ಸಮಾಧಾನ.

ಊರಿನಲ್ಲಿ ಮಾತ್ರ ಕಾರಣ ಕೈಯಲ್ಲೇ ಇರಬೇಕು. ಹರಕೆಯಾದರೆ ಒಪ್ಪುತ್ತಾರೆ. ಶುಗರ್, ಬಿಪಿ, ಯೂರಿಕ್ ಆಸಿಡ್ ಆದರೆ ಅನುಕಂಪವನ್ನೂ ತೋರುತ್ತಾರೆ. ‘ಸುಮ್ನೆ ಬಿಟ್ಟೆ’ ಎಂದರೆ ಮಾತ್ರ ಅನುಮಾನ. ನಮ್ಮ ಚಿಕ್ಕಯ್ಯ ಒಂದು ನಿಮಿಷ ನನ್ನನ್ನೇ ನೋಡಿ, ‘ದೊಡ್ಡ ಮನುಷ್ಯ ಆಗ್ಬುಟ್ಟೆ ಬುಡು’ ಎಂದರು. ಬೆಂಗಳೂರಿಗೆ ಹೋಗಿ ಜಾತಿಯ ಮೆಟ್ಟಿಲು ಹತ್ತಲು ನೋಡುತ್ತಿದ್ದಾನೆ ಎಂಬುದು ಅದರ ತಾತ್ಪರ್ಯ. ಅದರಲ್ಲಿ ನಿಜವಿಲ್ಲ ಎಂದು ಎದೆ ತಟ್ಟಿ ಹೇಳಲೂ ನನಗೆ ಧೈರ್ಯವಿಲ್ಲ. ಬಿಟ್ಟ ಮೊದಲ ವರ್ಷ ಆಫೀಸಿನಲ್ಲಿ ‘ನಾನು ತಿನ್ನಲ್ಲ’ ಎಂದು ಹೇಳುವಾಗ ದನಿಯಲ್ಲಿ ಒಂದು ತೆಳು ಜರಿಯಂಚು ಬಂದಿರುತ್ತಿತ್ತು. ನನ್ನ ಕಿವಿಗೇ ಕೇಳಿಸಿದೆ. ಊದುಬತ್ತಿ ಹಚ್ಚಿ ಮಾಂಸ ಬೇಯಿಸಿದ ಮನುಷ್ಯನಿಗೆ ಅದು ಶೋಭೆಯಲ್ಲ. ಈಗ ಯಾರು ಕೇಳಿದರೂ ‘ಡಾಕ್ಟ್ರು ಬೇಡ ಅಂದವ್ರೆ’ ಎನ್ನುತ್ತೇನೆ. ದಯೆಗೆ ಇಲ್ಲದ ಮರ್ಯಾದೆ ಕೊಲೆಸ್ಟ್ರಾಲಿಗೆ ಇದೆ.

ನಿಜವಾದ ಡಾಕ್ಟರು ಹೇಳಿದ್ದು ಬೇರೆ. ಎರಡು ವರ್ಷವಾದ ಮೇಲೆ ಕಾಲು ಜುಮುಗುಡಲು ಶುರುವಾಗಿ ರಕ್ತ ಕೊಟ್ಟು ಬಂದೆ. ಬಿ12 ತಳ ಕಂಡಿತ್ತು. ಈ ಬಿ12 ವಿಚಿತ್ರ ಪದಾರ್ಥ. ಅದನ್ನು ಗಿಡವೂ ತಯಾರಿಸುವುದಿಲ್ಲ, ಪ್ರಾಣಿಯೂ ತಯಾರಿಸುವುದಿಲ್ಲ, ಬ್ಯಾಕ್ಟೀರಿಯಾಗಳೇ ಮಾಡಬೇಕು. ಕುರಿಯ ಹೊಟ್ಟೆಯಲ್ಲಿ ಅವು ಕೆಲಸ ಮಾಡಿದ್ದನ್ನು ನಾವು ಕುರಿಯ ಮೂಲಕ ಪಡೆಯುತ್ತೇವೆ. ಕುರಿ ಬಿಟ್ಟವರಿಗೆ ಹಾಲು ಮೊಸರೇ ಗತಿ, ನನಗೆ ಹಾಲು ಆಗದು. ಡಾಕ್ಟರು ಒಂದು ಕೆಂಪು ಕ್ಯಾಪ್ಸೂಲ್ ಬರೆದುಕೊಟ್ಟರು. ಮೂರು ತಿಂಗಳು ನುಂಗಿ ಕಾಲು ಸರಿಹೋದ ಮೇಲೆ ಮಗಳು ಡಬ್ಬಿಯ ಹಿಂಬದಿ ಓದಿ ನಕ್ಕಳು. ಕ್ಯಾಪ್ಸೂಲಿನ ಸಿಪ್ಪೆ ಜೆಲಟಿನ್ನಿನದು. ಜೆಲಟಿನ್ ಎಂದರೆ ಪ್ರಾಣಿಗಳ ಮೂಳೆ, ತೊಗಲು ಬೇಯಿಸಿ ತೆಗೆದದ್ದು. ಬಾಡು ಬಿಟ್ಟದ್ದಕ್ಕೆ ಬಂದ ಕಾಯಿಲೆಗೆ ಮೂಳೆಯ ಸಿಪ್ಪೆಯಲ್ಲಿ ಸುತ್ತಿದ ಔಷಧ! ನಲ್ಲಿ ಮೂಳೆ ಹಿತ್ತಿಲ ಬಾಗಿಲಿಂದ ಒಳಗೆ ಬಂದಿತ್ತು. ಈಗ ನಾಲಿಗೆಯಡಿ ಇಟ್ಟುಕೊಳ್ಳುವ ಮಾತ್ರೆ ತರುತ್ತೇನೆ. ಪೊಟ್ಟಣ ಕೈಗೆ ಬಂದರೆ ಹಸಿರು ಚುಕ್ಕಿ ಹುಡುಕುವ ಅಭ್ಯಾಸವೂ ಅಂಟಿಕೊಂಡಿದೆ.

‘ಪ್ರೋಟೀನಿಗೆ ಏನು ಮಾಡ್ತೀರಿ?’ ಎಂಬುದು ಇನ್ನೊಂದು ಪ್ರಶ್ನೆ. ಇಷ್ಟು ವರ್ಷ ಬಾಡು ತಿನ್ನುವಾಗ ನನ್ನ ಪ್ರೋಟೀನಿನ ಯೋಗಕ್ಷೇಮ ವಿಚಾರಿಸದವರೆಲ್ಲ ಈಗ ಕೇಳುತ್ತಾರೆ. ಹುರುಳಿಕಾಳು, ಅಲಸಂದೆ, ಕಡಲೆಕಾಯಿ ಎಂದು ಬೆರಳು ಮಡಿಸುತ್ತೇನೆ. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಕುಳ ಸೋಯಾ ಉಂಡೆ. ನಮ್ಮ ಅಂಗಡಿಗಳಲ್ಲಿ ಅದಕ್ಕೆ ‘ಮೀಲ್ ಮೇಕರ್’ ಎಂದು ಹೆಸರು. ನೂರು ಗ್ರಾಮಿಗೆ 50 ಗ್ರಾಮಿನಷ್ಟು ಪ್ರೋಟೀನು, ಕೋಳಿಗಿಂತ ಎರಡು ಪಟ್ಟು. ನನ್ನ ಹೆಂಡತಿ ಅದನ್ನು ಬಿಸಿನೀರಲ್ಲಿ ನೆನೆಸಿ ಹಿಂಡಿ, ಬಾಡಿನ ಮಸಾಲೆಯನ್ನೇ ಅರೆದು ಸಾರು ಮಾಡಿದಳು. ಈರುಳ್ಳಿ ಕೆಂಡದಂತೆ ಹುರಿದು, ಚಕ್ಕೆ ಲವಂಗ, ಗಸಗಸೆ, ಕೊಬ್ಬರಿ, ಹುರಿಗಡಲೆ, ಯಾವುದಕ್ಕೂ ಕೊರತೆ ಮಾಡಲಿಲ್ಲ. ಘಮ ಬೀದಿಯ ಕೊನೆಗೆ ಹೋಯಿತು. ಪಕ್ಕದ ಮನೆಯವರು ‘ಮತ್ತೆ ಶುರು ಮಾಡಿದ್ರಾ?’ ಎಂದರು. ಮಾಂಸದ ಸಾರಿನ ವಾಸನೆ ಎಂದು ಇಷ್ಟು ವರ್ಷ ನಾವು ಮೂಗರಳಿಸಿದ್ದು ಹುರಿದ ಈರುಳ್ಳಿ ಲವಂಗಕ್ಕೆ ಎಂಬ ಸತ್ಯ ಆವತ್ತು ಹೊಳೆಯಿತು. ಬಾಯಿಗೆ ಹಾಕಿದರೆ ಮಾತ್ರ ಒದ್ದೆ ಸ್ಪಂಜು. ಮಸಾಲೆ ಅಷ್ಟು ಚೆನ್ನಾಗಿ ಸುಳ್ಳು ಹೇಳಿತ್ತು, ಉಂಡೆ ಸಿಕ್ಕಿಬಿದ್ದಿತು.

ಆ ಹೊತ್ತಿಗೆ ನನಗೆ ಜನ್ನ ನೆನಪಾದ. 1209ರಲ್ಲಿ ಅವನು ಬರೆದ ‘ಯಶೋಧರ ಚರಿತೆ’ಯಲ್ಲಿ ತಾಯಿ ಚಂದ್ರಮತಿ ದೇವಿಗೆ ಕೋಳಿ ಬಲಿ ಕೊಡೆಂದು ಮಗನನ್ನು ಪೀಡಿಸುತ್ತಾಳೆ. ಮಗ ಜೀವಹಿಂಸೆ ಒಲ್ಲೆ ಎನ್ನುತ್ತಾನೆ. ಕೊನೆಗೆ ಇಬ್ಬರಿಗೂ ಒಪ್ಪಿಗೆಯಾಗುವಂತೆ ಹಿಟ್ಟಿನ ಕೋಳಿ ಮಾಡಿ ಕತ್ತಿ ಬೀಸುತ್ತಾರೆ, ಅದು ಕೂಗಿಯೇ ಬಿಡುತ್ತದೆ. ಕೊಂದದ್ದು ಹಿಟ್ಟೇ ಇರಬಹುದು, ಸಂಕಲ್ಪ ಕೋಳಿಯದೇ ತಾನೆ? ಆ ಪಾಪಕ್ಕೆ ತಾಯಿ ಮಗ ನವಿಲಾಗಿ, ನಾಯಿಯಾಗಿ, ಜನ್ಮ ಜನ್ಮ ಅಲೆಯುತ್ತಾರೆ. ಗಿರೀಶ ಕಾರ್ನಾಡರು ಅದನ್ನೇ ‘ಹಿಟ್ಟಿನ ಹುಂಜ’ ನಾಟಕ ಮಾಡಿದರು. ನಮ್ಮ ಮನೆಯ ತಟ್ಟೆಯಲ್ಲಿ ಸೋಯಾ ಹಿಟ್ಟಿನ ಕುರಿ ಕೂತಿತ್ತು. ಅದನ್ನು ಅಗಿಯುವಾಗ ನಾನು ಮನಸ್ಸಿನಲ್ಲಿ ಏನನ್ನು ಅಗಿಯುತ್ತಿದ್ದೆ ಎಂಬುದು ಜನ್ನನಿಗೆ ತಿಳಿದರೆ ಇನ್ನೆಷ್ಟು ಜನ್ಮವೋ! ಸೋಯಾ ಅಂದಿಗೇ ನಿಂತಿತು. ಈಗ ಆ ಮಸಾಲೆಗೆ ಎಳೆ ಹಲಸಿನಕಾಯಿಯೋ ನುಗ್ಗೆಕಾಯಿಯೋ ಬೀಳುತ್ತದೆ. ನುಗ್ಗೆಕಾಯಿ ಮೂಳೆಯ ವೇಷ ಹಾಕಿಲ್ಲ, ಆದರೂ ಹಲ್ಲಿಗೂ ಬೆರಳಿಗೂ ಸರಿಯಾಗಿ ಕೆಲಸ ಕೊಡುತ್ತದೆ. ತಟ್ಟೆಯ ಅಂಚಿನಲ್ಲಿ ಸಿಪ್ಪೆಯ ಗುಡ್ಡೆ ಬಿದ್ದರೇ ಭಾನುವಾರ ಎನ್ನಿಸುವುದು.

ಅತ್ತೆಮನೆಯಲ್ಲಿ ಆದ ನಷ್ಟ ಇದಕ್ಕಿಂತ ದೊಡ್ಡದು. ನಾಟಿ ಕೋಳಿಗೆ ಎರಡೇ ತೊಡೆ. ಒಂದು ಮನೆಯ ಚಿಕ್ಕ ಮಗುವಿಗೆ, ಇನ್ನೊಂದು ದೊಡ್ಡ ಅಳಿಯನಿಗೆ. ಇಪ್ಪತ್ತೈದು ವರ್ಷ ಆ ತೊಡೆ ನನ್ನದಾಗಿತ್ತು. ನಾನು ಬಿಟ್ಟ ವರ್ಷ ಅದು ಷಡ್ಡಕನ ತಟ್ಟೆಗೆ ಹೋಯಿತು. ತೊಡೆಯ ಹಿಂದೆಯೇ ಗೋಡೆಗೆ ಒರಗಿ ಕೂರುವ ಜಾಗವೂ, ಜಮೀನಿನ ವ್ಯಾಜ್ಯದಲ್ಲಿ ಅಭಿಪ್ರಾಯ ಕೇಳುವ ಪದ್ಧತಿಯೂ ಅತ್ತ ಸರಿದವು. ಪಾಪ, ಮಾವ ನನಗೂ ಏನಾದರೂ ವಿಶೇಷ ಆಗಲಿ ಎಂದು ಮಗಳನ್ನು ಫೋನಿನಲ್ಲಿ ವಿಚಾರಿಸಿದರು. ‘ಪನೀರ್ ತಂದುಬಿಡಿ ಅಪ್ಪಾಜಿ’ ಎಂದಳು. ಹಳ್ಳಿಯ ಅಂಗಡಿಯವನು ಕೇಳಿದ ಪದಾರ್ಥವನ್ನು ಸರಿಯಾಗಿಯೇ ಕೊಟ್ಟ. ನಾವು ಹೋಗುವಷ್ಟರಲ್ಲಿ ಅಡಿಗೆಮನೆಯ ಕಟ್ಟೆಯ ಮೇಲೆ ಎರಡು ಸೀಸೆ ಪನ್ನೀರು ಕೂತಿತ್ತು. ‘ಇದ್ನ ಹುಳೀಗೆ ಹಾಕ್ಬೇಕಾ, ಮೇಲ್ ಚಿಮುಕಿಸ್ಬೇಕಾ?’ ಎಂದು ಅತ್ತೆ ಕೇಳಿದರು.

ಬೀಗರೂಟಗಳಲ್ಲಿ ‘ತಿನ್ನದೋರ’ ಪಂಕ್ತಿ ಬೇರೆ. ಶಾಮಿಯಾನದ ಆಚೆ ತುದಿಯಲ್ಲಿ, ನೀರಿನ ಡ್ರಮ್ಮಿನ ಪಕ್ಕ. ಅಲ್ಲಿ ಅನ್ನ, ತಿಳಿಸಾರು, ಒಂದು ಪಲ್ಯ, ಬಡಿಸುವ ಒಬ್ಬ ಉದಾಸೀನ ಹುಡುಗ. ಆದರೆ ಸಹವಾಸ ಬಹಳ ಒಳ್ಳೆಯದು. ಅಯ್ಯಪ್ಪನ ಮಾಲೆ ಹಾಕಿದ ಇಬ್ಬರು, ಕಿಡ್ನಿಯ ಕಲ್ಲು ತೆಗೆಸಿಕೊಂಡ ಒಬ್ಬ ಮೇಷ್ಟ್ರು, ಪೂಜೆ ಮಾಡಿಸಲು ಬಂದ ಪುರೋಹಿತರು, ಮಗನ ನೌಕರಿಗಾಗಿ ಹರಕೆ ಹೊತ್ತ ಒಬ್ಬ ಅಜ್ಜಿ. ಮಾಲೆಯವನೊಬ್ಬ ಕೈಮ ಉಂಡೆಯ ಬಕೆಟ್ಟು ಹೋದ ದಿಕ್ಕಿಗೇ ಕತ್ತು ತಿರುಗಿಸಿ, ‘ಇನ್ನು ಹನ್ನೊಂದು ದಿನ ಸಾಮಿ’ ಎಂದು ನಿಟ್ಟುಸಿರು ಬಿಟ್ಟ. ‘ನಿಮ್ದು ಎಷ್ಟು ದಿನ ಅದೆ?’ ಎಂದು ನನ್ನನ್ನು ಕೇಳಿದ. ಗಡುವಿಲ್ಲ ಎಂದೆ. ನನ್ನ ಎಲೆಗೆ ಒಂದು ಹಪ್ಪಳ ಹೆಚ್ಚಿಗೆ ಹಾಕಿಸಿದ.

ಯುಗಾದಿಯ ಮಾರನೆಯ ದಿನ ಹೊಸತೊಡಕಿಗೆ ಊರಿನಲ್ಲಿ ಗುಡ್ಡೆ ಬಾಡು ಹಾಕುತ್ತಾರೆ. ವರ್ಷವಿಡೀ ಚೀಟಿ ಕಟ್ಟಿ, ಆ ದುಡ್ಡಿಗೆ ಮರಿಗಳನ್ನು ತಂದು, ಕೊಯ್ದು, ಎಲೆಯ ಮೇಲೆ ಮನೆಗೊಂದು ಗುಡ್ಡೆ. ಬನ್ನೂರು ಕುರಿ ಸಿಕ್ಕಿದರೆ ಅದೇ. ಹಿಂದಿನಿಂದ ನೋಡಿದರೆ ಲಾಳದಂತೆ ಕಾಣುವ, ಕುಳ್ಳ ಕಾಲಿನ, ತುಂಬಿದ ಮೈಯ ಕುರಿ ಅದು. ಪ್ರತಿ ಗುಡ್ಡೆಯಲ್ಲೂ ಈರಲ್ಲಿ, ಬೋಟಿ, ಮೂಳೆ, ಕೊಬ್ಬು ಎಲ್ಲ ಬಗೆಯೂ ಒಂದೊಂದು ಚೂರು ಇರಲೇಬೇಕು. ಅಷ್ಟು ಕರಾರುವಾಕ್ಕಾದ ಪಾಲನ್ನು ನಾನು ಯಾವ ಪಾಲುಪಟ್ಟಿಯಲ್ಲೂ ನೋಡಿಲ್ಲ. ನಾನು ಈಗಲೂ ಚೀಟಿ ಕಟ್ಟುತ್ತೇನೆ, ಗುಡ್ಡೆ ಎತ್ತಿಕೊಂಡು ಬರುತ್ತೇನೆ. ಬಾಡು ಬಿಟ್ಟರೂ ಗುಡ್ಡೆ ಬಿಡಲು ಆಗಿಲ್ಲ. ಬಿಟ್ಟರೆ ಊರಿನ ಲೆಕ್ಕದಲ್ಲಿ ನಮ್ಮದೊಂದು ಮನೆ ಕಡಿಮೆಯಾಗುತ್ತದೆ.

ಅವ್ವ ಮಾತ್ರ ನಾನು ಬಿಟ್ಟದ್ದನ್ನು ಇವತ್ತಿಗೂ ಪೂರ್ತಿ ನಂಬಿಲ್ಲ. ಅವಳ ಪ್ರಕಾರ ಬಾಡು ಎಂದರೆ ತುಂಡು. ತುಂಡು ಇಲ್ಲದಿದ್ದರೆ ಅದು ಬಾಡಲ್ಲ. ಊರಿಗೆ ಹೋದಾಗಲೆಲ್ಲ ಒಂದೇ ಮಡಕೆಯಿಂದ ಸೌಟು ಅದ್ದಿ, ತುಂಡುಗಳನ್ನು ಅಂಚಿಗೆ ತಳ್ಳಿ, ಬಸಿದು ತಂದು, ‘ತುಂಡು ತೆಗ್ದಿವ್ನಿ ಕಣ್ಲಾ ಮಗ, ಬರೀ ಸಾರು, ಉಣ್ಣು’ ಎನ್ನುತ್ತಾಳೆ. ಅದರಲ್ಲೇ ಬೆಂದದ್ದಲ್ಲವೇ ಅವ್ವ ಎಂದರೆ, ‘ನೀರು ಯಾರಪ್ಪಂದು?’ ಎನ್ನುತ್ತಾಳೆ. ಅಪ್ಪ ಇದ್ದಾಗಲೂ ಅವಳ ಸಾರಿಗೆ ಒಂದೇ ತಕರಾರು ಬರುತ್ತಿತ್ತು. ಉಪ್ಪು ಸಾಲದು. ಬಿಪಿ ಬಂದು ಡಾಕ್ಟರು ಉಪ್ಪು ತಗ್ಗಿಸಿ ಎಂದ ಮೇಲೂ ತಟ್ಟೆಯ ತುದಿಗೆ ಒಂದು ಚಿಟಿಕೆ ಕಲ್ಲುಪ್ಪು ಇರದೆ ಅಪ್ಪ ಊಟಕ್ಕೆ ಕೂತವನಲ್ಲ.

ಅಪ್ಪ ಹೋಗಿ ಒಂಬತ್ತು ವರ್ಷ. ಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವುದು ಹಿರಿಮಗನ ಕೆಲಸ. ನಾನು ಬಿಟ್ಟ ಮೇಲೆ ಮೂರು ವರ್ಷ ತಮ್ಮನೇ ಇಟ್ಟ. ಹೋದ ವರ್ಷ ಅವನು ಸೊಂಟ ಹಿಡಿದು ಮಲಗಿದ್ದ. ನಾನೇ ಇಡಬೇಕಾಯಿತು. ಬಾಳೆಎಲೆಯ ಮೇಲೆ ಎರಡು ಮುದ್ದೆ, ಅಪ್ಪನಿಗೆ ಪ್ರಾಣವಾಗಿದ್ದ ತಲೆಮಾಂಸ, ಕೋಳಿ ಸಾರು, ಬೋಟಿ ಗೊಜ್ಜು, ವಡೆ, ಪಾಯಸ, ಒಂದು ಕಟ್ಟು ಬೀಡಿ, ಒಂದು ಕ್ವಾರ್ಟರ್ ಬಾಟಲಿ. ಮೂರು ವರ್ಷದಿಂದ ಮುಟ್ಟದ ತುಂಡುಗಳನ್ನು ಒಂದೊಂದಾಗಿ ಎತ್ತಿ ಜೋಡಿಸಿದೆ. ಕೈ ಮರೆತಿರಲಿಲ್ಲ, ಯಾವುದು ನಾಲಿಗೆ, ಯಾವುದು ಕಿವಿ ಎಂದು ಅದಕ್ಕೆ ತಾನಾಗಿಯೇ ಗೊತ್ತಾಗುತ್ತಿತ್ತು. ಧೂಪ ಹಾಕಿ, ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಜಗುಲಿಯಲ್ಲಿ ಕೂತೆವು. ಸ್ವಲ್ಪ ಹೊತ್ತಿನ ಮೇಲೆ ಅವ್ವ ಕೆಮ್ಮಿ ಸದ್ದು ಮಾಡಿ ಬಾಗಿಲು ತೆಗೆದಳು.

ಎಡೆಯನ್ನು ಮನೆಯವರೆಲ್ಲ ಹಂಚಿಕೊಂಡು ಉಣ್ಣಬೇಕು. ಅವ್ವ ಅಪ್ಪನ ಎಲೆಯಿಂದ ಒಂದು ಮುದ್ದೆ ಎತ್ತಿ ನನ್ನ ತಟ್ಟೆಗಿಟ್ಟಳು. ತಲೆಮಾಂಸದ ಪಕ್ಕದಲ್ಲೇ ಕೂತಿದ್ದ ಮುದ್ದೆ, ಒಂದು ಮಗ್ಗುಲು ಸಾರು ಕುಡಿದು ಕೆಂಪಾಗಿತ್ತು. ಹೆಂಡತಿ ನನ್ನ ಮುಖ ನೋಡಿದಳು, ಮಗಳು ಕ್ಯಾಪ್ಸೂಲಿನ ದಿನದಂತೆ ನಗಲು ಸಿದ್ಧವಾಗಿದ್ದಳು. ನಾನು ಆ ಕೆಂಪು ಮಗ್ಗುಲಿನಿಂದಲೇ ಮುರಿದು ನುಂಗಿದೆ.

‘ಹೆಂಗದೆ?’ ಎಂದಳು ಅವ್ವ.

‘ವಸಿ ಉಪ್ಪು ಜಾಸ್ತಿ ಆಗದೆ ಕಣವ್ವ.’

‘ಗೊತ್ತು,’ ಎಂದು ಅವ್ವ ತಮ್ಮನ ತಟ್ಟೆಯ ಕಡೆ ತಿರುಗಿದಳು. ‘ನಿಂಗೆ ಅಂತ ಮಾಡಿದ್ದಲ್ಲ.’